ಬತ್ತೀನಿ ಅಂದವರ ಪೆಟ್ಟಿಗೆ

ಯಾರಾದರೂ ನಿಮ್ಮ ಮನೆ ಬಾಗಿಲಿಗೆ ಬಂದು, "ಇದೊಂದು ನಾಲ್ಕು ದಿನ ನಿಮ್ಮ ಹತ್ತಿರ ಇರಲಿ" ಎಂದು ಏನನ್ನಾದರೂ ಮುಂದಕ್ಕೆ ಚಾಚಿದರೆ ದಯವಿಟ್ಟು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ. ಕನ್ನಡದಲ್ಲಿ 'ನಾಲ್ಕು ದಿನ' ಎನ್ನುವುದು ಕಾಲವನ್ನು ಹೇಳುವ ಮಾತೇ ಅಲ್ಲ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವಳು ನಾನು, ವ್ಯಾಕರಣದಿಂದಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ಎದುರು ಮನೆಯವರು ಊರಿಗೆ ಹೋಗುವಾಗ ನಾಲ್ಕು ದಿನಕ್ಕೆಂದು ಕೊಟ್ಟ ದಾಸವಾಳದ ಕುಂಡ ನಮ್ಮ ಅಂಗಳದಲ್ಲಿ ಮರವಾಗಿ, ಈಗ ಅವರೇ ಬಂದು ಪೂಜೆಗೆ ಹೂವು ಕೇಳಿ ಪಡೆಯುತ್ತಾರೆ. ನನ್ನ ನಾದಿನಿ ನಾಲ್ಕು ದಿನಕ್ಕೆಂದು ಒಯ್ದ ಒಬ್ಬಟ್ಟಿನ ಹೆಂಚು ಇನ್ನೂ ಬಂದಿಲ್ಲ. ಕೇಳಿದರೆ, "ಅದು ನಮ್ದೇ ಅಲ್ವಾ ಅತ್ತಿಗೆ?" ಎನ್ನುತ್ತಾಳೆ. ಕೊಟ್ಟವರು ಮರೆಯುತ್ತಾರೆ, ತೆಗೆದುಕೊಂಡವರು ಅದಕ್ಕಿಂತ ಬೇಗ ಮರೆಯುತ್ತಾರೆ. ಮರೆಯದೆ ಕೂತು ಒಳಗೊಳಗೇ ಕುದಿಯುವುದು ಮಾತ್ರ ನನ್ನಂಥವರ ಹಣೆಬರಹ.

ನಮ್ಮೂರಿನ ಚಿನ್ನದ ಗಣಿ ಮುಚ್ಚಿದ ವರ್ಷ ಮುನಿಶಾಮಪ್ಪನವರು ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಗೆ ಒಂದು ಮರದ ಪೆಟ್ಟಿಗೆ ಹೊರಿಸಿಕೊಂಡು ಬಂದರು. ಅವರು ಹೊಟ್ಟೆಪಾಡಿಗೆ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರು, ಚಟಕ್ಕೆ ಕಥೆಗಾರರು. ಕೋರಮಂಡಲ್‌ನ ಲೈನುಮನೆಗಳಲ್ಲಿದ್ದ ಗಣಿ ಕಾರ್ಮಿಕರ ಮೇಲೆ ಮೂರು ಪುಸ್ತಕ ಬರೆದಿದ್ದರು. ಬರೆದದ್ದು ಅವರು, ಓದಲು ಬರುವ ಹಾಗೆ ಮಾಡಿದ್ದು ನಾನು. ಯಾಕೆಂದರೆ ಅವರ ಕೈಬರಹ ಮಸಿ ಕುಡಿದ ಇರುವೆಗಳ ಮೆರವಣಿಗೆಯಂತಿತ್ತು. ಹೊಸದಾಗಿ ಶಾಲೆಗೆ ಟೀಚರಾಗಿ ಸೇರಿದ್ದ ನಾನು ದಿನಾ ಸಂಜೆ ಕೂತು ಆ ಇರುವೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಶುದ್ಧಪ್ರತಿ ಮಾಡಿಕೊಡುತ್ತಿದ್ದೆ. ಆ ಸಲಿಗೆಯಿಂದಲೇ ಪೆಟ್ಟಿಗೆ ನಮ್ಮ ಮನೆಗೆ ಬಂತು. "ದಾವಣಗೆರೇಲಿ ಮಗಳ ಮನೇಗೆ ನಾಕು ದಿನ ಓಗಿದ್ದು ಬತ್ತೀನಿ ಟೀಚರಮ್ಮ. ಅಲ್ಲೀಗಂಟ ಇದು ಇಲ್ಲಿರ್ಲಿ" ಎಂದರು. ಆ ನಾಲ್ಕು ದಿನಕ್ಕೆ ಈಗ ಇಪ್ಪತ್ತು ವರ್ಷ ದಾಟಿದೆ.

ಪೆಟ್ಟಿಗೆಯಾದರೂ ಎಂಥದ್ದು? ಗಣಿಯೊಳಗೆ ಬಂಡೆ ಸಿಡಿಸುವ ಮದ್ದು ತುಂಬಿ ಬರುತ್ತಿದ್ದ ಪೆಟ್ಟಿಗೆ. ನಮ್ಮೂರಿನಲ್ಲಿ ಅದೇನು ವಿಶೇಷವಲ್ಲ, ಎಷ್ಟೋ ಮನೆಗಳ ಬಟ್ಟೆಬರೆ ಅಂಥದ್ದರಲ್ಲೇ ಇರುತ್ತಿತ್ತು. ಆದರೆ ಇದರ ಮೇಲೆ ಕೆಂಪು ಬಣ್ಣದಲ್ಲಿ 'ಡೇಂಜರ್' ಎಂದು ಬರೆದದ್ದು ಇವತ್ತಿಗೂ ಅಳಿಸಿಲ್ಲ. ಅದನ್ನು ಮಂಚದ ಕೆಳಗಿಟ್ಟ ಮೇಲೆ ತುಮಕೂರಿನ ನಮ್ಮ ಬೀಗರು ಆ ಮಂಚದ ಮೇಲೆ ಮಲಗಲಿಲ್ಲ. ನಮ್ಮ ಯಜಮಾನರು ಅದನ್ನು "ನನ್ನ ಸವತಿ" ಎನ್ನುತ್ತಾರೆ. ಗಂಡಸರಿಗೆ ಸವತಿ ಇರುವುದಿಲ್ಲ, ಪದದ ಅರ್ಥವೇ ಅದಲ್ಲ ಎಂದು ನಾನು ಎಷ್ಟು ತಿದ್ದಿದರೂ, "ನೀನು ನನ್ನ ಅಂಗಿಗೆ ಗುಂಡಿ ಹಾಕಿ ಎಷ್ಟು ವರ್ಷ ಆಯ್ತು? ಅದಕ್ಕಾದ್ರೆ ವರ್ಷಕ್ಕೆರಡು ಸಲ ಬಿಸಿಲು ಕಾಯಿಸ್ತೀಯ" ಎನ್ನುತ್ತಾರೆ.

ಒಳಗಿದ್ದದ್ದು ಹಸ್ತಪ್ರತಿಗಳು, ಕಾಗದಗಳು, ಟೈಮ್ ಆಫೀಸಿನ ಹಾಳೆಗಳ ಹಿಂಬದಿಯಲ್ಲಿ ಬರೆದ ಟಿಪ್ಪಣಿಗಳು, ಮತ್ತು ಎರಡು ಡಬ್ಬಿ ತುಂಬ ಕ್ಯಾಸೆಟ್ಟುಗಳು. ಆ ಕಾಲದಲ್ಲಿ ಅವರು ಬಟ್ಟೆ ಚೀಲದಲ್ಲಿ ಟೇಪ್ ರೆಕಾರ್ಡರ್ ಹಾಕಿಕೊಂಡು ಲೈನುಗಳಲ್ಲಿ ಸುತ್ತುತ್ತಿದ್ದರು. ಜನ ಮಾತಾಡುವುದನ್ನು ಹಿಡಿಯಬೇಕು, ಅದನ್ನು ಕಥೆಯಲ್ಲಿ ಹಾಗೇ ಇಳಿಸಬೇಕು ಎಂಬ ಹುಚ್ಚು. ಹಿಡಿದರು ಸರಿ, ಯಾರದ್ದು ಹಿಡಿದೆವು ಎಂದು ಬರೆದಿಡುವುದು ಬೇಡವೇ? ಒಂದು ಕ್ಯಾಸೆಟ್ಟಿನ ಮೇಲೆ 'ನೀರಿನ ನಲ್ಲಿ'. ಇನ್ನೊಂದರ ಮೇಲೆ 'ಕೋಳಿ ಜಗಳ'. 'ಕೆಮ್ಮು ಒಂದು', 'ಕೆಮ್ಮು ಎರಡು'. ಮತ್ತೊಂದರ ಮೇಲೆ 'ನಗು, ಜಾಸ್ತಿ'. ಹೆಸರಿನ ಸುಳಿವೇ ಇಲ್ಲ. ದಿನವಿಡೀ ನೂರಾರು ಜನರ ಹಾಜರಿ ಬರೆದ ಮನುಷ್ಯನಿಗೆ ಸಂಜೆಯಾದ ಮೇಲೆ ಯಾರ ಹೆಸರೂ ಬೇಡವಾಗುತ್ತಿತ್ತೋ ಏನೋ.

ಇವನ್ನು ನಾನು ಕಾಪಾಡಿದ ಕಥೆ ಹೇಳಿದರೆ ನಿಮಗೂ ಸಿಟ್ಟು ಬರುತ್ತದೆ. ಗೆದ್ದಲಿಗೆ ಬೇವಿನ ಎಲೆ, ಜಿರಲೆಗೆ ನುಸಿಗುಳಿಗೆ. ಗಾಳಿ ತಿರುಗಿದರೆ ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ಧೂಳು ಮನೆಯೆಲ್ಲ ತುಂಬುತ್ತದೆ, ಅದಕ್ಕೆ ನನ್ನ ಎರಡು ಒಳ್ಳೆಯ ಸೀರೆಗಳ ಹೊದಿಕೆ. ಈ ನಡುವೆ ಊರಿನ ಗಣ್ಯರು ಮೂರು ಸಲ ಬಂದರು. ಮೊದಲನೇ ಸಲ, "ಅವರ ಹೆಸರಲ್ಲಿ ಒಂದು ವೃತ್ತ ಮಾಡಿಸೋಣ" ಎಂದರು. ಎರಡನೇ ಸಲ ವೃತ್ತಕ್ಕೆ ಜಾಗ ಸಾಲದೆ ಬಸ್ ತಂಗುದಾಣವಾಯಿತು. ಮೂರನೇ ಸಲ, "ಸದ್ಯಕ್ಕೆ ಒಂದು ಫ್ಲೆಕ್ಸ್ ಹಾಕಿಸೋಣ ಮೇಡಂ" ಎಂದು ಹೇಳಿ, ಅದಕ್ಕೆಂದು ನನ್ನಲ್ಲಿದ್ದ ಅವರ ಒಂದೇ ಫೋಟೋ ತೆಗೆದುಕೊಂಡು ಹೋದರು, ನಾಲ್ಕು ದಿನಕ್ಕೆ. ಒಬ್ಬರಾದರೂ, "ಆ ಪೆಟ್ಟಿಗೇಲಿ ಏನಿದೆ, ಒಂದು ಸಲ ತೆಗೀರಿ" ಎನ್ನಲಿಲ್ಲ. ಕಾಫಿ ಮಾತ್ರ ಮೂರು ಸಲವೂ ಕುಡಿದರು.

ಕೊನೆಗೆ ಬೆಂಗಳೂರಿನ ಒಂದು ಗ್ರಂಥಾಲಯಕ್ಕೆ ನಾನೇ ಪತ್ರ ಬರೆದೆ. ಅಲ್ಲಿಂದ ಒಬ್ಬ ಹುಡುಗಿ ಬಂದಳು. ಬಿಳಿ ಕೈಗವಸು ತೊಟ್ಟು, ಮೂಗಿಗೆ ಮಾಸ್ಕ್ ಹಾಕಿ, ಶಸ್ತ್ರಚಿಕಿತ್ಸೆಗೆ ನಿಂತವಳಂತೆ ಪೆಟ್ಟಿಗೆ ತೆಗೆದಳು. ನುಸಿಗುಳಿಗೆಯ ವಾಸನೆಗೆ ಎರಡು ಹೆಜ್ಜೆ ಹಿಂದೆ ಸರಿದಳು. "ಇದನ್ನ ಹಾಕಬಾರದಿತ್ತು ಮೇಡಂ" ಎಂದಳು. ಇಪ್ಪತ್ತು ವರ್ಷದ ಸೇವೆಗೆ ಸಿಕ್ಕ ಮೊದಲ ಪ್ರಶಸ್ತಿ ಅದು. ಆಮೇಲೆ ನನ್ನ ಮುತ್ತಿನಂಥ ಶುದ್ಧಪ್ರತಿಗಳನ್ನು ಪಕ್ಕಕ್ಕೆ ಸರಿಸಿ, "ಇವು ಬೇಡ, ಮೂಲ ಕೊಡಿ ಸಾಕು" ಎಂದು ಇರುವೆಗಳನ್ನು ಎದೆಗವಚಿಕೊಂಡಳು. ಅದನ್ನೂ ನುಂಗಿಕೊಂಡೆ. ಕ್ಯಾಸೆಟ್ಟುಗಳಿಗೆಂದು ಒಂದು ಫಾರಂ ಕೊಟ್ಟಳು. ಅದರಲ್ಲಿ 'ಧ್ವನಿ ಯಾರದು' ಎಂಬ ಕಾಲಂ. "ಗೊತ್ತಿಲ್ಲದ ಕಡೆ ಅನಾಮಧೇಯ ಅಂತ ಬರೆದ್ಬಿಡಿ ಮೇಡಂ. ಕಂಪ್ಯೂಟರಿಗೆ ಹಾಕಿದ ಮೇಲೆ ಅದೇ ಹೆಸರಲ್ಲಿ ಶಾಶ್ವತವಾಗಿ ಇರುತ್ತೆ."

ಶಾಶ್ವತವಾಗಿ ಅನಾಮಧೇಯ! ನನಗೆ ಬಂದ ಸಿಟ್ಟಿಗೆ ಪೆಟ್ಟಿಗೆಯ ಮೇಲಿನ ಕೆಂಪಕ್ಷರ ಸರಿಯಾದ ವರ್ಣನೆ. ನಲ್ಲಿಯ ಹತ್ತಿರ ಜಗಳವಾಡಿದವಳಿಗೆ ಹೆಸರಿತ್ತು. ಕೆಮ್ಮಿದವನಿಗೆ ಹೆಸರಿತ್ತು, ಮನೆಯಿತ್ತು, ಕೆಮ್ಮಿಗೂ ಒಂದು ಕಾರಣವಿತ್ತು. ಗಣಿಯವರು ಅವರನ್ನೆಲ್ಲ ನಂಬರಿನಿಂದ ಕರೆದದ್ದು ಸಾಲದೆಂದು ಈಗ ಇದೊಂದು. "ಒಂದು ತಿಂಗಳು ಟೈಮ್ ಕೊಡಮ್ಮ, ಒಬ್ಬೊಬ್ಬರ ಹೆಸರೂ ಬರೆದು ಕೊಡ್ತೀನಿ" ಎಂದು ಆ ಹುಡುಗಿಗೆ ಸವಾಲು ಹಾಕಿಬಿಟ್ಟೆ. ಸವಾಲು ಹಾಕಿದ ಮೇಲೆ ಹೊಳೆಯಿತು, ಹೆಸರುಗಳು ಗೊತ್ತಿರುವುದು ಒಬ್ಬರಿಗೇ, ಅವರು ದಾವಣಗೆರೆಯಲ್ಲಿ ಕೂತಿದ್ದಾರೆ, ಅವರಿಗೆ ಎಂಬತ್ತು ದಾಟಿದೆ.

ಫೋನು ಮಾಡಿದೆ. "ಯಾರೂ? ಟೀಚರಮ್ಮನಾ? ಅದೇ ಮನೇಲೇ ಇದೀರಾ?" ಎಂದರು. "ನಿಮ್ಮ ಪೆಟ್ಟಿಗೆ ಬಿಟ್ಟು ಎಲ್ಲಿಗೆ ಹೋಗಲಿ ಸಾರ್?" ಎಂದೆ. ಕಿವಿ ಮಂದವಾಗಿದೆಯೆಂದು ಕೂಗಿ ಕೂಗಿ ಎಲ್ಲವನ್ನೂ ವಿವರಿಸಿದೆ. ಮುಂದಿನ ಭಾನುವಾರ ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಬೆಳಗಿನ ರೈಲಿಗೆ ಬಂಗಾರಪೇಟೆಗೆ ಬಂದುಬಿಡಿ, ಅಲ್ಲಿಂದ ನಾವು ಆಟೋದಲ್ಲಿ ಕರೆದುಕೊಂಡು ಬರುತ್ತೇವೆ, ಕ್ಯಾಸೆಟ್ಟು ಹಾಕುತ್ತೇನೆ, ನೀವು ಹೆಸರು ಹೇಳಿದರೆ ಸಾಕು ಎಂದೆ. ಅವರು "ಊಂ... ಊಂ..." ಎಂದು ಕೇಳಿ, ಕಡೆಗೆ, "ಆಯ್ತಮ್ಮ, ಸರಿ, ಬತ್ತೀನಿ" ಎಂದು ಫೋನಿಟ್ಟರು.

ನಾನು ಸಿದ್ಧತೆಗೆ ಇಳಿದೆ. ಟೇಪ್ ರೆಕಾರ್ಡರಿನ ಬೆಲ್ಟು ಕರಗಿ ಅಂಟಾಗಿತ್ತು. ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದು ಈಗ ಮೊಬೈಲ್ ಕವರ್ ಮಾರುವವರೊಬ್ಬರನ್ನು ಕಾಡಿ ಬೇಡಿ ಸರಿಮಾಡಿಸಿದೆ. ಕೋರಮಂಡಲ್ ಕಡೆ ಇನ್ನೂ ಉಳಿದಿರುವ ಹಳಬರು ಹತ್ತು ಮಂದಿಗೆ, "ಟೈಮಾಫೀಸ್ ಸಾರು ಬರ್ತಾರೆ, ನೋಡೋಕೆ ಬನ್ನಿ" ಎಂದು ಹೇಳಿ ಕಳಿಸಿದೆ. ಹಿದಿಕಿದ ಅವರೆಬೇಳೆ ಸಾರು ಮಾಡಲು ಮನೆಮಂದಿಯೆಲ್ಲ ಕೂತು ಬೆರಳು ನೋಯುವ ತನಕ ಅವರೆಕಾಳು ಹಿದಿಕಿದೆವು. ಮನೆಮಂದಿಯೆಂದರೆ ನಾನು ಮತ್ತು ನಮ್ಮ ಯಜಮಾನರು.

ಭಾನುವಾರ ಸೇವಂತಿಗೆ ಹಾರ ಹಿಡಿದು ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಂತೆವು. ಆಟೋದ ಸೆಲ್ವಂ ನಮ್ಮ ಓಣಿಯವನೇ, ನನ್ನ ಹಳೆಯ ವಿದ್ಯಾರ್ಥಿ, ಈಗ ಅವನ ತಲೆಯೂ ಅರ್ಧ ಬೆಳ್ಳಗಾಗಿದೆ. ರೈಲು ಬಂತು. ಬಿಳಿ ಪಂಚೆಯ ಹಿರಿಯರೊಬ್ಬರು ಇಳಿದರು. ನಮ್ಮ ಯಜಮಾನರು ಮುಂದೆ ನುಗ್ಗಿ ಹಾರ ಎತ್ತಿಯೇಬಿಟ್ಟರು. ಅವರೂ ಯಾವ ಸಂಕೋಚವಿಲ್ಲದೆ ಕೊರಳು ಬಗ್ಗಿಸಿದರು. ನಾನು ಓಡಿ ಹೋಗಿ ತಡೆಯದಿದ್ದರೆ ಒಬ್ಬ ಅಪರಿಚಿತರಿಗೆ ಅವರೆಬೇಳೆ ಸಾರಿನ ಯೋಗವಿತ್ತು. ಇನ್ನೊಂದು ರೈಲು ಬಂತು, ಹೋಯಿತು. "ಸುಮ್ನೆ ನಿಂತು ಏನ್ಮಾಡೋದು" ಎಂದು ನಮ್ಮ ಯಜಮಾನರು ಹೊರಗೆ ಪಾನಿಪುರಿ ತಿನ್ನಲು ಹೋದರು. ಲೋಕ ಮುಳುಗಿದರೂ ಬಂಗಾರಪೇಟೆಗೆ ಬಂದು ಪಾನಿಪುರಿ ತಿನ್ನದೆ ಹಿಂದಿರುಗುವ ಮನುಷ್ಯರಲ್ಲ ಅವರು. ನಾನು ಫೋನು ಮಾಡಿದೆ.

"ಎಲ್ಲಿದೀರಿ ಸಾರ್?"

"ಎಲ್ಲಿರ್ತೀನಮ್ಮ, ಮನೇಲಿ. ಉಪ್ಪಿಟ್ಟು ತಿಂತಾ ಇವ್ನಿ."

"ಬರ್ತೀನಿ ಅಂದ್ರಲ್ಲ ಸಾರ್!"

"ನಾನ್ಯಾವಾಗಂದೆ?"

"ಫೋನಲ್ಲಿ! ಕೊನೇಗೆ! ಸರಿ, ಬತ್ತೀನಿ ಅಂದ್ರಿ!"

"ಅಯ್ಯೋ, ಅದು ಫೋನಿಕ್ಕೋಕೆ ಅಂದಿದ್ದು ಕಣಮ್ಮ! ಇನ್ನೇನು, ಓಯ್ತೀನಿ ಅನ್ಬೇಕಾಗಿತ್ತಾ?"

ಇದಕ್ಕೆ ಏನು ಹೇಳುತ್ತೀರಿ? ಹೋಗುವಾಗ 'ಹೋಗುತ್ತೇನೆ' ಎನ್ನಬಾರದು, ಅಪಶಕುನ. 'ಬರುತ್ತೇನೆ' ಎಂದೇ ಹೋಗಬೇಕು. ಇದನ್ನು ನಾನೇ ಮೂವತ್ತು ವರ್ಷ ಮಕ್ಕಳಿಗೆ, ನಮ್ಮ ನುಡಿಯ ಸಂಸ್ಕಾರ ನೋಡಿ ಎಂದು ಎದೆಯುಬ್ಬಿಸಿ ಹೇಳಿಕೊಟ್ಟಿದ್ದೇನೆ. ಸಂಸ್ಕಾರವಂತೆ! ಬರುವುದಕ್ಕೂ ಹೋಗುವುದಕ್ಕೂ ಒಂದೇ ಮಾತಿಟ್ಟುಕೊಂಡು ಈ ಜನ ಇಷ್ಟು ವರ್ಷ ಹೇಗೆ ಸಂಸಾರ ಮಾಡಿದರು? ಸೆಲ್ವಂ, "ತಮಿಳಲ್ಲೂ ಅದೇ ಮೇಡಂ. ವರೇನ್ ಅಂತ ಹೇಳ್ಬಿಟ್ಟೇ ಹೋಗೋದು" ಎಂದು ಸಮಾಧಾನ ಹೇಳಿದ. ಪಾನಿಪುರಿ ಮುಗಿಸಿ ಬಂದ ಯಜಮಾನರು, "ತೆಲುಗಲ್ಲೂ ವಸ್ತಾ ಅಂತಾರೆ" ಎಂದು ಸೇರಿಸಿದರು. ನೀರಿನಿಂದ ಹಿಡಿದು ಓಟಿನ ತನಕ ಯಾವುದರಲ್ಲೂ ಒಮ್ಮತ ಕಾಣದ ನಮ್ಮೂರಿನ ಮೂರು ಭಾಷೆಗಳು ನನಗೆ ಮೋಸ ಮಾಡುವುದಕ್ಕೆ ಮಾತ್ರ ಒಂದಾಗಿದ್ದವು. ಗಣಿ ಮುಚ್ಚಿದಾಗ ಮನೆ ಖಾಲಿ ಮಾಡಿ ಹೋದವರೆಲ್ಲರೂ ಇದನ್ನೇ ಹೇಳಿ ರೈಲು ಹತ್ತಿದ್ದರು. ನಾವು ನಂಬಿದ್ದೆವು.

"ಆದ್ರೂ ಒಂದು ಸಲ ಬನ್ನಿ ಸಾರ್" ಎಂದೆ. "ಅಲ್ಲೇನಿದೆ ಟೀಚರಮ್ಮ ಬರೋಕೆ? ಇದ್ದೋರೆಲ್ಲ ಓದ್ರು. ಆ ಕ್ಯಾಸೆಟ್ನ ಇನ್ಯಾರು ಕೇಳ್ತಾರೆ, ಬಿಸಾಕ್ಬಿಡಿ" ಎಂದರು. ಬಿಸಾಕಬೇಕಂತೆ! ನನ್ನ ಎರಡು ಸೀರೆ, ಇಪ್ಪತ್ತು ವರ್ಷದ ಬೇವಿನ ಎಲೆ! ಈ ಸಲ ನಾನೇ ಫೋನಿಟ್ಟೆ. ಬರ್ತೀನಿ ಎನ್ನಲಿಲ್ಲ.

ಮನೆಗೆ ಬಂದರೆ ಜಗಲಿಯ ಮೇಲೆ ಹತ್ತು ಮಂದಿ ಹಳಬರು ಕಾಯುತ್ತಿದ್ದರು. ಬರಲಿಲ್ಲ ಎಂದು ಹೇಳಲು ಬಾಯಿ ಬರದೆ, ಅದೇ ಸಿಟ್ಟಿನಲ್ಲಿ 'ನೀರಿನ ನಲ್ಲಿ' ಕ್ಯಾಸೆಟ್ಟು ತುರುಕಿ ಗುಂಡಿ ಒತ್ತಿದೆ. ಗರಗರ ಸದ್ದಿನ ನಡುವೆ ಇಬ್ಬರು ಹೆಂಗಸರು ಬಿಂದಿಗೆಯೊಂದಕ್ಕಾಗಿ ಜಗಳವಾಡುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ಪಾಪಮ್ಮ, ಮೊದಲು ಗಣಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ಎದ್ದು ನಿಂತುಬಿಟ್ಟಳು. "ಅಯ್ಯೋ, ಇದು ನಮ್ ಗೌರತ್ತೆ ಕಣ್ರವ್ವ! ಆ ಇನ್ನೊಬ್ಳು ಮೂಲೆಮನೆ ಸುಂದ್ರಿ. ಆ ಬಿಂದಿಗೆ ಸುಂದ್ರೀದೇ, ನಾನು ಆವತ್ತೇ ಏಳಿದ್ದೆ!" 'ಕೆಮ್ಮು ಒಂದು' ಹಾಕಿದೆ. ಮಾತೇ ಇಲ್ಲದ ಬರೀ ಕೆಮ್ಮು. ನಿವೃತ್ತ ಗಣಿ ಕೆಲಸಗಾರ ಚಿನ್ನಪ್ಪಯ್ಯ ಕಣ್ಣು ಮುಚ್ಚಿ ಕೇಳಿ, "ಎಲ್ಲಪ್ಪ. ಎಲ್ಡು ಸಣ್ಣದು, ಮೂರನೇದು ಉದ್ದ. ಪಕ್ಕದ ಮನೆ ಗೋಡೆ, ಇಪ್ಪತ್ತು ವರ್ಸ ಕೇಳಿವ್ನಿ" ಎಂದ. ನಾನು ಓಡಿಹೋಗಿ ಫಾರಂ ತಂದೆ.

ಬರೆಯುತ್ತ ಬರೆಯುತ್ತ ನನಗೆ ನಾಚಿಕೆಯಾಯಿತು. ಈ ಜನ ಇದ್ದದ್ದು ದಾವಣಗೆರೆಯಲ್ಲಲ್ಲ, ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಸಂತೆಯಲ್ಲಿ ಪ್ರತಿ ವಾರ ಸಿಗುವವರು. ಇಪ್ಪತ್ತು ವರ್ಷ ನಾನು ಮುಚ್ಚಳ ಭದ್ರಮಾಡುವುದನ್ನೇ ಕಾಪಾಡುವುದು ಎಂದುಕೊಂಡಿದ್ದೆ.

'ನಗು, ಜಾಸ್ತಿ' ಹಾಕಿದಾಗ ಸೆಲ್ವಂ ಬಾಡಿಗೆಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ಒಬ್ಬ ಹೆಂಗಸು ಏನೋ ಹೇಳಲು ಶುರು ಮಾಡಿ, ಹೇಳಲಾಗದೆ ನಗುತ್ತಿದ್ದಳು. ಮತ್ತೆ ಶುರು ಮಾಡುವಳು, ಮತ್ತೆ ನಗುವಳು. ಸೆಲ್ವಂ ಚಪ್ಪಲಿ ಬಿಟ್ಟು ಒಳಗೆ ಬಂದ. "ಮೇಡಂ, ಸ್ವಲ್ಪ ಹಿಂದಕ್ಕೆ ಹಾಕಿ" ಎಂದ. ಹಾಕಿದೆ. "ಇನ್ನೊಂದು ಸಲ." ಮೂರನೇ ಸಲ ಕೇಳಿದ ಮೇಲೆ ಹೇಳಿದ, "ನಮ್ಮಮ್ಮ ಮೇಡಂ. ಫೋಟೋ ಇದೆ ಮನೇಲಿ. ವಾಯ್ಸ್ ಇರ್ಲಿಲ್ಲ." ಹೆಸರು ಕೇಳಿದೆ. "ಕನ್ನಿಯಮ್ಮ" ಎಂದ. ನಾನು ಬರೆದೆ. ಅಕ್ಷರ ಸರಿಯಾಗಿ ಕಾಣಲಿಲ್ಲ, ಅತ್ತುಬಿಟ್ಟಿದ್ದೆ.

ಆಮೇಲೆ ದಾವಣಗೆರೆಗೆ ಮತ್ತೆ ಫೋನು ಮಾಡಿ, ಒಂದು ಮಾತೂ ಆಡದೆ ಫೋನನ್ನು ಟೇಪ್ ರೆಕಾರ್ಡರಿಗೆ ಹಿಡಿದೆ. "ಕನ್ನಿಯಮ್ಮ ಅಲ್ವಾ?" ಎಂದರು ಮುನಿಶಾಮಪ್ಪನವರು. "ಅಲ್ಲಿ ಯಾರ್ಯಾರವ್ರೆ ಟೀಚರಮ್ಮ?" ನಾನು ಹತ್ತೂ ಹೆಸರು ಹೇಳಿದೆ. "ಚಿನ್ನಪ್ಪಯ್ಯ ಅವ್ನಾ ಇನ್ನೂ?" ಎಂದರು. ಆಮೇಲೆ, "ಸರಿ, ಬತ್ತೀನಿ" ಎಂದರು.

"ಸಾರ್, ಫೋನಿಡಬೇಡಿ!" ಎಂದು ಕಿರುಚಿದೆ. "ಇದು ಯಾವ ಬತ್ತೀನಿ?"

"ಬರೋ ಬತ್ತೀನಿ ಕಣಮ್ಮ!"

ನಂಬದೆ ಅವರ ಮಗಳಿಗೆ ಫೋನು ಕೊಡಿಸಿ ಟಿಕೆಟ್ ಮಾಡಿಸಲು ಹೇಳಿ, ದಿನ, ರೈಲು, ಸೀಟಿನ ನಂಬರು ಎಲ್ಲ ಮರುದಿನ ಬರೆಸಿಕೊಂಡೆ. ಬರುವ ತಿಂಗಳು ಬರುತ್ತಾರೆ.

ಎಲ್ಲರೂ ಊಟ ಮಾಡಿ ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ಉಳಿದದ್ದು ಒಂದು ಕ್ಯಾಸೆಟ್ಟು. ಮೇಲೆ 'ಬೆಂಕಿ' ಎಂದಷ್ಟೇ ಇತ್ತು. ಹಾಕಿದರೆ, ಯಾರೋ ಪ್ರಾಯದ ಹೆಣ್ಣು ಮೇಲಿನ ಸ್ವರದಲ್ಲಿ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದಾಳೆ. ಏನು ಬಾಯಿ, ಏನು ಆರ್ಭಟ! "ಯಾರಿದು?" ಎಂದು ಕೇಳಿದೆ. ಪಾಪಮ್ಮ ಚಿನ್ನಪ್ಪಯ್ಯನ ಮುಖ ನೋಡಿದಳು, ಚಿನ್ನಪ್ಪಯ್ಯ ಸೂರು ನೋಡಿದ. "ಯಾರೋ ಬಜಾರಿ" ಎಂದು ನಾನೇ ತೀರ್ಪು ಕೊಟ್ಟೆ. "ಆ ಉಚ್ಚಾರಣೆ ಕೇಳಿ. ಒಂದು ಹಕಾರ ನೆಟ್ಟಗಿಲ್ಲ. ಪಾಪ, ಶಾಲೆಗೆ ಹೋದವಳಲ್ಲ ಅಂತ ಕಾಣುತ್ತೆ."

"ಶಾಲೆಗೆ ಹೋದವಳೇ" ಎಂದರು ನಮ್ಮ ಯಜಮಾನರು, ಬಾಳೆಹಣ್ಣು ಸುಲಿಯುತ್ತ. "ಮೂವತ್ತು ವರ್ಷ ಅಲ್ಲೇ ಇದ್ದಳು."

ಆಗ ಕ್ಯಾಸೆಟ್ಟಿನ ಹೆಂಗಸು ಹೇಳಿದಳು, "ಅಂಗೆಲ್ಲ ಬರೀಬ್ಯಾಡಿ ಸಾರ್! ಪುಸ್ತಕ ಓದ್ದೋರು ನಮ್ಮುನ್ನ ಏನಂದ್ಕೊಂತಾರೆ? 'ಓಗು' ಅಂತೆ, 'ಓಗು'! ನಾನೆಲ್ಲ ತಿದ್ದಿವ್ನಿ. ನಾವ್ಯಾರು ಅಂಗ್ ಮಾತಾಡ್ತೀವಿ, ನೀವೇ ಏಳಿ ಸಾರ್!"

ಮನೆ ಮನೆಯೇ ನಕ್ಕಿತು. ಸೆಲ್ವಂ ಕೂಡ ನಕ್ಕ, ಗುರುಗಳೆಂಬ ಭಯವಿಲ್ಲದೆ. ನಾನು ಮೂರು ಪುಸ್ತಕಗಳ ಪುಟಪುಟದಲ್ಲೂ ಆ ಜನರ ಬಾಯಿಗೆ ಹಕಾರ ತುರುಕಿದ್ದು ನಿಜ. ಶುದ್ಧಪ್ರತಿ ಎಂದರೆ ಅದೇ ಅಲ್ಲವೇ ಎಂದು ಇಷ್ಟು ವರ್ಷ ನಂಬಿದ್ದೂ ನಿಜ. ಬೆಂಗಳೂರಿನ ಹುಡುಗಿ ಅವನ್ನು ಯಾಕೆ ಪಕ್ಕಕ್ಕೆ ಸರಿಸಿದಳೆಂದು ಅವಳನ್ನು ಕೇಳುವ ಅಗತ್ಯ ಈಗ ಉಳಿಯಲಿಲ್ಲ.

ಫಾರಂ ತುಂಬಿದೆ. ಗೌರಮ್ಮ, ಸುಂದ್ರಿ, ಎಲ್ಲಪ್ಪ, ಕನ್ನಿಯಮ್ಮ, ಒಬ್ಬೊಬ್ಬರ ಹೆಸರನ್ನೂ ನೀಲಿ ಇಂಕಿನಲ್ಲಿ ಗುಂಡಗೆ ಬರೆದೆ. 'ಬೆಂಕಿ' ಎಂಬ ಸಾಲಿಗೆ ಬಂದಾಗ ಕೈ ತಡೆಯಿತು. ಅನಾಮಧೇಯ ಎನ್ನುವುದು ಅಷ್ಟೇನೂ ಕೆಟ್ಟ ಪದವಲ್ಲ, ಸಂಸ್ಕೃತದ್ದು, ಗಂಭೀರವಾಗಿದೆ ಎಂದು ಆ ಗಳಿಗೆಯಲ್ಲಿ ನನಗೆ ಮೊದಲ ಬಾರಿಗೆ ಅನ್ನಿಸಿತು. ಅರ್ಧ ಗಂಟೆ ಕೂತೆ. ಕಡೆಗೆ ನನ್ನ ಹೆಸರನ್ನೇ ಬರೆದೆ, ಪೆನ್ಸಿಲ್ಲಿನಲ್ಲಿ. ಆವತ್ತಿನಿಂದ ಮನೆಯಲ್ಲಿ ರಬ್ಬರು ಕಾಣುತ್ತಿಲ್ಲ. ಎಲ್ಲಿಟ್ಟಿದ್ದೀರಿ ಎಂದರೆ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತುವುದಿಲ್ಲ.